ದಬರಿ ಮುಚ್ಚಳದ ಲಗ್ನಪತ್ರಿಕೆ

ಗುರುಶಾಂತನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಆದರೆ ಬೀಗರ ಮನೆಯ ಸೋಫಾದ ಮೇಲೆ ಕೂತು, ಎದುರಿಗೆ ಮಂಡಕ್ಕಿ ಮಿರ್ಚಿ ಬಂದಾಗ ಅವನ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ. ಓಣಿಯವರಾದ ನಮಗೆ ಇದು ಮೊದಲಿನಿಂದಲೂ ಗೊತ್ತು. ಅವನಿಗೆ ಮಾತ್ರ ಆ ದಿನ ಹರಪನಹಳ್ಳಿಯಲ್ಲಿ ಗೊತ್ತಾಯಿತು.

ಹರಪನಹಳ್ಳಿಯ ಬಟ್ಟೆ ವ್ಯಾಪಾರಿ ಸೋಮಪ್ಪನವರ ಮಗನಿಗೆ ಗುರುಶಾಂತನ ಒಬ್ಬಳೇ ಮಗಳು ಅರ್ಚನಾಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಎಲ್ಲ ಮಾತೂ ಮುಗಿದು ಕಾರ್ಡಿನ ಮಾತು ಬಂತು. ಸೋಮಪ್ಪನವರು ಒಳಗೆ ಹೋಗಿ ದಾವಣಗೆರೆಯಲ್ಲಿ ಮಾಡಿಸಿದ ಒಂದು ಮಾದರಿ ಕಾರ್ಡು ತಂದರು. ಅದನ್ನು ಕಾರ್ಡು ಅನ್ನುವುದಕ್ಕಿಂತ ಪೆಟ್ಟಿಗೆ ಅನ್ನುವುದೇ ಸರಿ. ತೆರೆದೊಡನೆ ಒಳಗೆ ಸಣ್ಣ ದೀಪಗಳು ಹತ್ತಿಕೊಂಡು ಓಲಗ ಶುರುವಾಯಿತು. ಮುಚ್ಚಿದರೂ ಓಲಗ ನಿಲ್ಲಲಿಲ್ಲ. ಸೋಮಪ್ಪನವರು ಪೆಟ್ಟಿಗೆಯನ್ನು ದಿಂಬಿನ ಕೆಳಗೆ ತುರುಕಿ, ದಿಂಬಿನ ಮೇಲೆ ತಾವೇ ಕೂತು ಮಾತು ಮುಂದುವರಿಸಿದರು.

"ಎರಡೂ ಮನಿಗೆ ಇದೊಂದೇ ಕಾರ್ಡು ಸಾಕು ಬೀಗರ. ಆದರ ದೀಪ, ವೈರು, ಬ್ಯಾಟರಿ ಎಲ್ಲಾ ಇರೋದ್ರಿಂದ ಒಳಗ ಜಾಗ ಕಮ್ಮಿ. ನಮ್ಮ ಕಡೆಯವರ ಹೆಸರು ಹಾಕಿ, ಕೆಳಗ 'ಮತ್ತು ಹೆಣ್ಣಿನ ಕಡೆಯ ಬಂಧುಗಳು' ಅಂತ ಒಂದು ಸಾಲು ಹೊಡಸ್ತೀನಿ. ನಡಿತೈತಲ್ಲ?"

ಗುರುಶಾಂತನ ಕೈಯಲ್ಲಿದ್ದ ಮಿರ್ಚಿ ಅಲ್ಲಿಯೇ ನಿಂತಿತು. ಮಗಳ ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರಿಲ್ಲ! ಬೇರೆ ಯಾರಾದರೂ ಆಗಿದ್ದರೆ "ನಡಿಯಂಗಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಗುರುಶಾಂತ ಹಾಗೆ ಮಾಡಲಿಲ್ಲ.

"ಇದೆಲ್ಲ ಹಳೇದಾತ್ರೀ ಬೀಗರ," ಎಂದ. "ಈಗ ದೊಡ್ಡ ದೊಡ್ಡ ಮಂದಿ ಅಚ್ಚಿನ ಕಾರ್ಡು ಮಾಡಸ್ತಾರ. ದಪ್ಪ ಕಾಗದ. ಮ್ಯಾಲೆ ಬೆರಳಾಡಿಸಿದ್ರ ಒಂದೊಂದು ಅಕ್ಷರ ಕೈಗೆ ಸಿಗಬೇಕು. ಅದರ ಪ್ಲೇಟು ಬ್ಯಾರೆ ದೇಶದಾಗ ಆಗಬೇಕು. ನಾ ಆಗ್ಲೇ ಹೇಳಿಬಿಟ್ಟೀನಿ."

ಸೋಮಪ್ಪನವರ ಕಣ್ಣು ಅರಳಿತು. "ಬ್ಯಾರೆ ದೇಶದಾಗ?"

"ಹೌದ್ರಿ. ಅಲ್ಲೊಬ್ಬ ಗಡ್ಡದ ಮನುಷ್ಯ ಅದಾನ."

"ಹಂಗಾದ್ರ ನಿಮ್ದೇ ಮಾಡಸ್ರಿ. ಬರೋ ಸೋಮವಾರ ಕೊಟ್ಟೂರು ದೇವರ ಗದ್ದಿಗಿ ಮುಂದ ಮೊದಲನೇ ಕಾರ್ಡು ಇಡಬೇಕು. ಅವತ್ತು ಮುಂಜಾನೆ ನಿಮ್ಮ ಕಾರ್ಡು ಕೈಗೆ ಬಂದ್ರ ಅದು. ಬರಲಿಲ್ಲಂದ್ರ ಇದು," ಎಂದು ಸೋಮಪ್ಪನವರು ತಾವು ಕೂತಿದ್ದ ದಿಂಬನ್ನು ತಟ್ಟಿದರು. ದಿಂಬಿನ ಕೆಳಗಿನಿಂದ ಓಲಗ ಇನ್ನೂ ಕೇಳುತ್ತಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಹೆಂಡತಿ ಗುರುಬಸಮ್ಮ ಕೇಳಿದಳು. "ಪ್ಲೇಟು ಯಾವ ದೇಶದಾಗ ಮಾಡಸ್ತೀರಿ?"

"ಬಚ್ಚಲದಾಗ," ಎಂದ ಗುರುಶಾಂತ.

ಇಲ್ಲಿ ಒಂದು ವಿಷಯ ಹೇಳಬೇಕು. ಗುರುಶಾಂತನದು ಹಿಂಡಿ ಬೂಸಾದ ಅಂಗಡಿ. ಆದರೆ ಅವನ ಅಪ್ಪನದು ಮುದ್ರಣಾಲಯವಾಗಿತ್ತು. ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್ನು ಈಗಲೂ ಅವರ ಪಡಸಾಲೆಯಲ್ಲಿದೆ. ಅದರ ಮೇಲೆ ಒಣಮೆಣಸಿನಕಾಯಿ ಚೀಲಗಳಿವೆ. ಮಷಿನ್ನೇನೋ ಉಳಿದಿತ್ತು, ಅಕ್ಷರಗಳು ಉಳಿದಿರಲಿಲ್ಲ. ಸೀಸದ ಅಚ್ಚುಮೊಳೆಗಳನ್ನು ಗುರುಬಸಮ್ಮ ಎಂದೋ ಪಾತ್ರೆ ಮಾರುವವನಿಗೆ ಹಾಕಿ, ಇಡೀ ವರ್ಣಮಾಲೆಗೆ ಬದಲಾಗಿ ಒಂದು ಸ್ಟೀಲಿನ ಕೊಡ ತೆಗೆದುಕೊಂಡಿದ್ದಳು. ಆದ್ದರಿಂದ ಇಡೀ ಕಾರ್ಡನ್ನು ಒಂದೇ ಪ್ಲೇಟಿನಲ್ಲಿ ಮೂಡಿಸದೆ ಬೇರೆ ದಾರಿಯಿರಲಿಲ್ಲ.

ಗಡ್ಡದ ಮನುಷ್ಯ ಸುಳ್ಳಲ್ಲ. ಅವನು ಯೂಟ್ಯೂಬಿನಲ್ಲಿದ್ದ. ದುಬಾರಿ ಯಂತ್ರವಿಲ್ಲದೆ ಮನೆಯಲ್ಲೇ ಅಚ್ಚಿನ ಪ್ಲೇಟು ಮಾಡುವುದು ಹೇಗೆಂದು ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಅರ್ಚನಾ ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. "ನುಣುಪು ಕಾಗದದ ಮ್ಯಾಲೆ ಲೇಸರ್ ಪ್ರಿಂಟು ತಗೀಬೇಕಂತಪ್ಪಾ. ಅದನ್ನ ಲೋಹದ ತಗಡಿನ ಮ್ಯಾಲೆ ಬೋರಲು ಹಾಕಿ ಇಸ್ತ್ರಿ ತಿಕ್ಕಿದ್ರ ಅಕ್ಷರ ತಗಡಿಗೆ ಅಂಟ್ಕೊಂತಾವಂತ. ಆಮ್ಯಾಲೆ ಮೈಲುತುತ್ತು, ಉಪ್ಪು ಕಲಸಿದ ನೀರಾಗ ಇಟ್ರ, ಅಕ್ಷರ ಇಲ್ಲದ ಜಾಗಾನೆಲ್ಲ ನೀರು ತಿಂದು ಅಕ್ಷರ ಎದ್ದು ನಿಲ್ತಾವಂತ. ಎಲ್ಲಾ ಮನ್ಯಾಗಿನ ಸಾಮಾನಿನಾಗೇ ಆಗತೈತಂತ."

ಮನೆಯಲ್ಲಿನ ಸಾಮಾನು ಎಂಬ ಮಾತು ಕಿವಿಗೆ ಬಿದ್ದಾಗಲೇ ಗುರುಬಸಮ್ಮ ಎಚ್ಚರವಾಗಬೇಕಿತ್ತು. ಆದರೆ ಅವಳು ರೊಟ್ಟಿ ಬಡಿಯುತ್ತಿದ್ದಳು.

ಗುರುಶಾಂತ ಹಗರಿಬೊಮ್ಮನಹಳ್ಳಿಗೆ ಹೋಗಿ ಪ್ರಿಂಟು ತೆಗೆಸಿದ, ದಪ್ಪ ಕಾಗದ ಮತ್ತು ಶಾಯಿ ಡಬ್ಬಿ ತಂದ. ತಗಡು ಬೇಕಲ್ಲ? ಅಡಿಗೆಮನೆಯ ಅಟ್ಟದ ಮೇಲೆ ಅನ್ನ ಮಾಡುವ ದೊಡ್ಡ ಅಲ್ಯೂಮಿನಿಯಂ ದಬರಿಯಿತ್ತು. ಗುರುಬಸಮ್ಮನ ತವರು ಗುಡೇಕೋಟೆಯಿಂದ ಬಂದದ್ದು. ಅದರ ಮುಚ್ಚಳ ದಪ್ಪ, ನಡುವೆ ಸಪಾಟು, ಹಿಡಿಕೆ ಎಂದೋ ಬಿದ್ದುಹೋಗಿತ್ತು. ಹೆಂಡತಿ ನೀರು ತರಲು ಹೋದಾಗ ಗುರುಶಾಂತ ಅದನ್ನು ಇಳಿಸಿ ನಡುವಿನಿಂದ ಎರಡು ಚೌಕ ಕತ್ತರಿಸಿ ತೆಗೆದ. ಬಳೆಯಂತೆ ಉಳಿದ ಅಂಚನ್ನು ದಬರಿಯ ಮೇಲೆ ಮೊದಲಿದ್ದಂತೆಯೇ ಜೋಪಾನವಾಗಿ ಇಟ್ಟ.

ಇನ್ನು ಆ ನೀಲಿ ಹರಳು, ಮೈಲುತುತ್ತು. ಅದು ಪಕ್ಕದ ಮನೆಯ ರಾಮಾಂಜಿನಿಯ ಹತ್ತಿರ ಇದ್ದೇ ಇರುತ್ತದೆ. ಅವನು ಕುರಿ ಸಾಕುತ್ತಾನೆ, ಕುರಿಯ ಗೊರಸು ಕೊಳೆತರೆ ಮೈಲುತುತ್ತಿನ ನೀರಿನಲ್ಲಿ ನಿಲ್ಲಿಸುತ್ತಾನೆ.

"ಒಂದೀಟು ಮೈಲುತುತ್ತು ಬೇಕಾಗಿತ್ತು," ಎಂದ ಗುರುಶಾಂತ.

"ಯಾಕಣ್ಣ?"

ಪ್ಲೇಟು ಬೇರೆ ದೇಶದ್ದು ಎಂದು ಊರಿಗೆಲ್ಲ ಹೇಳಿಯಾಗಿತ್ತು. ಗುರುಶಾಂತ ಆ ಕಡೆ ಈ ಕಡೆ ನೋಡಿ, "ಕಾಲಿಗೆ," ಎಂದ.

"ನಿಮ್ಮ ಮನ್ಯಾಗ ಕುರಿ ಎಲ್ಲಿ ಅದಾವ?"

ಗುರುಶಾಂತ ಸುಮ್ಮನೆ ತನ್ನ ಕಾಲು ನೋಡಿಕೊಂಡ. ರಾಮಾಂಜಿನಿಯ ಮುಖದಲ್ಲಿ ಕನಿಕರ ತುಂಬಿತು. ಮತ್ತೊಂದು ಪ್ರಶ್ನೆ ಕೇಳದೆ ದೊಡ್ಡ ಪೊಟ್ಟಣ ಕಟ್ಟಿಕೊಟ್ಟ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಮೈಲಮ್ಮ ಅರೆದ ಬೇವಿನ ಸೊಪ್ಪು ಹಿಡಿದು ಬಂದಳು. "ನಾಚ್ಕೋಬ್ಯಾಡ ಗುರುಶಾಂತಣ್ಣ, ನಮ್ಮ ಟಗರಿಗೂ ಹಿಂಗಾ ಆಗಿತ್ತು. ಈಗ ಓಡತೈತಿ," ಎಂದು ಎರಡೂ ಪಾದಕ್ಕೆ ಹಚ್ಚಿಯೇ ಹೋದಳು. ಸಂಜೆಯೊಳಗೆ ನಾವು ನಾಲ್ಕಾರು ಮಂದಿ ಅಂಗಡಿಗೆ ಹೋಗಿ ಮದುವೆ ಮನೆಯಲ್ಲಿ ಹೆಚ್ಚು ನಿಲ್ಲಬೇಡವೆಂದು ಅವನಿಗೆ ಬುದ್ಧಿ ಹೇಳಿದೆವು. ಗುರುಶಾಂತ ಹಸಿರು ಪಾದಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

ಶನಿವಾರ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕೆಲಸ ಶುರುವಾಯಿತು. ಇಸ್ತ್ರಿ ತಿಕ್ಕಿ ಅಕ್ಷರ ಅಂಟಿಸಿದ ಮೊದಲನೇ ಚೌಕವನ್ನು ನೀಲಿ ನೀರಿಗೆ ಹಾಕಿದೊಡನೆ ಅದು ಬುಸುಗುಟ್ಟಿ ನೊರೆಯೆದ್ದಿತು, ಬಕೀಟು ಬಿಸಿಯಾಯಿತು, ನೀರು ಕೆಂಪಾಯಿತು. ಗುರುಶಾಂತ ಹೆದರಿ ಗೋಡೆಗೆ ಆತು ನಿಂತ. ಧೈರ್ಯ ಬಂದು ತೆಗೆದು ನೋಡುವಷ್ಟರಲ್ಲಿ ಸೋಮಪ್ಪನವರ ಇಡೀ ವಂಶ ಕರಗಿಹೋಗಿ ತೂತುಗಳು ಮಾತ್ರ ಉಳಿದಿದ್ದವು. ಎರಡನೆಯದಕ್ಕೆ ನೀರು ಹೆಚ್ಚಿಸಿದ, ಬ್ರಷ್ಷಿನಿಂದ ಆಗಾಗ ತಿಕ್ಕಿದ, ಸರಿಯಾದ ಹೊತ್ತಿಗೆ ತೆಗೆದ. ಅಕ್ಷರಗಳು ಎದ್ದು ನಿಂತಿದ್ದವು! ನಂದಿ ಬಸವಣ್ಣನ ಚಿತ್ರ, ಸುತ್ತ ಬಳ್ಳಿ, ಸಣ್ಣ ಸಣ್ಣ ಹೆಸರುಗಳ ಸಾಲು, ಎಲ್ಲವೂ ತಿರುವುಮುರುವಾಗಿ, ಅಚ್ಚಿಗೆ ಹೇಗಿರಬೇಕೋ ಹಾಗೆ ಇದ್ದವು. ಮೈಲುತುತ್ತಿನೊಳಗಿನ ತಾಮ್ರ ಮೈಗೆ ಹತ್ತಿ ಇಡೀ ಪ್ಲೇಟು ಕೆಂಪಗಾಗಿತ್ತು. ಗುರುಶಾಂತನಿಗೆ ಅಪ್ಪನ ನೆನಪಾಗಿ ಕಣ್ಣು ತುಂಬಿತು.

ಕೆಟ್ಟ ನೀರನ್ನು ಚರಂಡಿಗೆ ಬಿಡಬೇಡಿ ಎಂದು ಗಡ್ಡದ ಮನುಷ್ಯ ಹೇಳಿದ್ದ. ಗುರುಶಾಂತ ಹೇಳಿದ ಮಾತು ಕೇಳುವವನು. ಗುದ್ದಲಿ ತೆಗೆದುಕೊಂಡು ಹಿತ್ತಲಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಕೆಂಪು ರಾಡಿಯನ್ನು ಅದರಲ್ಲಿ ಸುರಿದ. ಬಳಿಕ ಗುಂಡಿಯಲ್ಲೇ ಕೂತು, ನಮ್ಮ ಕಡೆ ಪಾತ್ರೆ ಬೆಳಗುವಂತೆ, ಹಿಡಿ ಮಣ್ಣು ತೆಗೆದು ಪ್ಲೇಟನ್ನು ತಿಕ್ಕತೊಡಗಿದ.

ಆಗ ರಾಮಾಂಜಿನಿ ಗೋಡೆಯ ಮೇಲಿನಿಂದ ಇಣುಕಿದ. ಕಾಲುಬೇನೆಯವನು ಹೇಗಿದ್ದಾನೆಂದು ನೋಡಲು ಬಂದಿದ್ದ ಅಷ್ಟೆ. ಅವನಿಗೆ ಕಂಡದ್ದೇನು? ಹೊಸದಾಗಿ ತೋಡಿದ ಗುಂಡಿ. ಗುಂಡಿಯೊಳಗೆ ಗುರುಶಾಂತ. ಅವನ ಕೈಯಲ್ಲಿ ಮಣ್ಣು ಮೆತ್ತಿದ ಒಂದು ತಾಮ್ರದ ಹಲಗೆ, ಅದರ ತುಂಬ ಯಾರೂ ಓದಲಾಗದ ಬರಹ.

"ಯಾರಿಗೂ ಹೇಳಬ್ಯಾಡಪ್ಪ!" ಎಂದ ಗುರುಶಾಂತ, ಗಾಬರಿಯಿಂದ ಪ್ಲೇಟನ್ನು ಬನಿಯನ್ನಿನೊಳಗೆ ತುರುಕುತ್ತ.

ರಾಮಾಂಜಿನಿ ಯಾರಿಗೂ ಹೇಳಲಿಲ್ಲ. ಮೈಲಮ್ಮನಿಗೆ ಮಾತ್ರ ಹೇಳಿದ. ಮೈಲಮ್ಮ ನಳದ ಹತ್ತಿರ ಇದ್ದವರಿಗೆ ಮಾತ್ರ ಹೇಳಿದಳು. ಊಟದ ಹೊತ್ತಿಗೆ ಇಡೀ ಓಣಿ ಗುರುಶಾಂತನ ಹಿತ್ತಲಿನಲ್ಲಿತ್ತು, ಬಹಳಷ್ಟು ಮಂದಿ ಗುದ್ದಲಿ ಸಮೇತ.

ನಿವೃತ್ತ ಶಿಕ್ಷಕ ಅಜ್ಜಯ್ಯ ಮೇಷ್ಟ್ರನ್ನು ಕುರ್ಚಿ ಹಾಕಿ ಕೂರಿಸಿದರು. ನಮ್ಮೂರಿನ ಇತಿಹಾಸವನ್ನು ಅವರು ಮೂವತ್ತು ವರ್ಷದಿಂದ ಹುಡುಕುತ್ತಿದ್ದರು, ನಮ್ಮೂರಿಗೆ ಇತಿಹಾಸವೇ ಇರಲಿಲ್ಲ. ಹೀಗಾಗಿ ಹಲಗೆ ಕೈಗೆ ಬಂದೊಡನೆ ಭೂತಗನ್ನಡಿ ಹಿಡಿದು ಅದರ ಮೇಲೆ ಬಗ್ಗಿದರು.

"ಇದು ಎಲ್ಲಿಂದ ಬಂತು?" ಎಂದು ಕೇಳಿದರು.

ಗುರುಶಾಂತ ಬಾಯಿ ತೆರೆದ. ಸುತ್ತ ನೋಡಿದರೆ ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲವೂ ವಿಡಿಯೊ ಹಿಡಿಯುತ್ತಿವೆ. ಬಚ್ಚಲಿನಲ್ಲಿ ಮಾಡಿದೆ ಅಂದರೆ ಅರ್ಧ ಗಳಿಗೆಯಲ್ಲಿ ಹರಪನಹಳ್ಳಿಗೆ ಹೋಗುತ್ತದೆ. ತೆರೆದ ಬಾಯಿಯನ್ನು ಮುಚ್ಚಿದ.

ಅಷ್ಟರಲ್ಲಿ ಒಳಗೆ ಅಟ್ಟದ ಮೇಲಿಂದ ಏನೋ ಬಿದ್ದ ಸದ್ದಾಯಿತು. ಗುರುಬಸಮ್ಮ ಹೊರಗೆ ಬಂದಳು. ಅವಳ ಕೈಯಲ್ಲಿ ನಡುವೆ ಏನೂ ಇಲ್ಲದ ಮುಚ್ಚಳವಿತ್ತು. ಮೇಷ್ಟ್ರ ಕೈಯಲ್ಲಿದ್ದ ತುಂಡನ್ನು ನೋಡಿದಳು, ಗಂಡನನ್ನು ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು.

"ಎಲ್ಲಿಂದ ಬಂತು ಅಂತ ಕೇಳ್ತೀರೇನ್ರಿ ಮೇಷ್ಟ್ರೇ? ಗುಡೇಕೋಟಿಯಿಂದ ಬಂತು! ನಮ್ಮ ಮುತ್ತಜ್ಜನ ಕಾಲದ್ದು! ಸಾವಿರ ಮಂದಿ ಉಂಡ ಮನಿತನದ್ದು! ಅದನ್ನ ಈ ಮನುಷ್ಯ ಹಿತ್ತಲದಾಗ ಮಣ್ಣು ಪಾಲು ಮಾಡ್ಯಾನ!" ಎಂದು ಕೂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪ್ರತಿ ಮಾತೂ ನಿಜ. ಆದರೆ ಮೇಷ್ಟ್ರು ಎದ್ದು ನಿಂತುಬಿಟ್ಟರು.

"ಗುಡೇಕೋಟೆ! ಪಾಳೇಗಾರರ ಕೋಟೆ! ಸಾವಿರ ಮಂದಿಯ ಸೈನ್ಯಕ್ಕೆ ಊಟ ಹಾಕಿದ ಮನೆತನ!" ಅವರು ಹಲಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇಲ್ಲಿ ನೋಡ್ರಪ್ಪ, ನಂದಿ. ಇದು ರಾಜಮುದ್ರೆ. ಸುತ್ತ ಬಳ್ಳಿ ಐತಲ್ಲ, ಅದು ಕೋಟೆಯ ಸುರಂಗದ ನಕ್ಷೆ. ಒಳಗೆ ಬರೆದದ್ದು ಗೂಢಲಿಪಿ, ವೈರಿಗಳಿಗೆ ತಿಳೀಬಾರದು ಅಂತ."

"ಸುರಂಗ ಎಲ್ಲಿಗೆ ಹೋಗತೈತ್ರಿ?" ಎಂದು ಯಾರೋ ಕೇಳಿದರು. ಮೇಷ್ಟ್ರು ಬಳ್ಳಿಯ ಮೇಲೆ ಬೆರಳಾಡಿಸಿದರು. ಅದು ಸುತ್ತಿ ಸುತ್ತಿ ಬಂದು ಮೊದಲಿನ ಜಾಗಕ್ಕೇ ಸೇರಿತು. "ಎಷ್ಟು ಜಾಣರು ನೋಡ್ರಿ," ಎಂದರು.

ಇನ್ನು ಸುಮ್ಮನಿದ್ದರೆ ಕೆಲಸ ಕೆಡುತ್ತದೆಂದು ಗುರುಶಾಂತನಿಗೆ ಆಗ ಹೊಳೆಯಿತು. "ಅಯ್ಯೋ, ಅದು ನನ್ನ ಮಗಳ ಲಗ್ನಪತ್ರಿಕ್ರೀ! ದಬರಿ ಮುಚ್ಚಳದಾಗ ನಾನಾ ಮಾಡೀನಿ!" ಎಂದು ಕೂಗಿದ.

ಎಲ್ಲರೂ ನಕ್ಕೆವು. ತಾಮ್ರದ ಹಲಗೆಯಲ್ಲಿ ಮಗಳ ಲಗ್ನಪತ್ರಿಕೆ ಕೆತ್ತಿಸಿ ಗುಂಡಿಯಲ್ಲಿ ಹೂಳುವವನು ಯಾರು? "ನಿಧಿ ಸಿಕ್ಕವರೆಲ್ಲ ಹಿಂಗಾ ಮಾತಾಡೋದು," ಎಂದಳು ಮೈಲಮ್ಮ.

ಅರ್ಚನಾ ಒಳಗಿಂದ ಕನ್ನಡಿ ತಂದಳು. "ಇದರಾಗ ಹಿಡಿದು ನೋಡ್ರಿ, ಓದಾಕ ಬರತೈತಿ." ಒಳ್ಳೆಯ ಉಪಾಯವೇ. ಆದರೆ ಕೆಂಪು ಹಲಗೆಯಲ್ಲಿ ಕೆಂಪು ಅಕ್ಷರ, ಸಂದಿಯಲ್ಲೆಲ್ಲ ಮಣ್ಣು. ಕನ್ನಡಿ ಕೈಯಿಂದ ಕೈಗೆ ಹೋಯಿತು. ತೆಗೆದುಕೊಂಡವರೆಲ್ಲ ಹಲಗೆಯನ್ನು ಅರೆಕ್ಷಣ ನೋಡಿ, ವಿಡಿಯೊದಲ್ಲಿ ಬರುತ್ತೇವಲ್ಲ ಎಂದು ತಲೆ ಬಾಚಿಕೊಂಡು ಮುಂದಿನವರಿಗೆ ಕೊಟ್ಟರು. ನಾನೂ ಮೀಸೆ ಸರಿಮಾಡಿಕೊಂಡೆ. ಕನ್ನಡಿ ಮೇಷ್ಟ್ರವರೆಗೆ ತಲುಪಲೇ ಇಲ್ಲ.

ಪಂಚಾಯ್ತಿಯ ಪಿಡಿಒ ಗೀತಾಂಜಲಿ ಮೇಡಂ ಟೇಪು ಹಿಡಿದು ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ನಗುವುದನ್ನು ಇನ್ನೂ ಶುರುಮಾಡಿರಲಿಲ್ಲ. "ಭೂಮಿಯೊಳಗೆ ದೊರೆತ ಪುರಾತನ ವಸ್ತು ಸರ್ಕಾರಕ್ಕೆ ಸೇರತಕ್ಕದ್ದು. ತಾವು ಎಷ್ಟು ಆಳದಲ್ಲಿ ತೆಗೆದಿರಿ?"

"ನಾ ತೆಗೀಲಿಲ್ಲ ಮೇಡಂ, ನಾನಾ ಒಳಗ ಒಯ್ದಿದ್ದು!"

"ಆಳ ಮೊಣಕಾಲುದ್ದ," ಎಂದು ಮೇಡಂ ಬರೆದುಕೊಂಡರು.

ರಾಮಾಂಜಿನಿ ಮುಂದೆ ಬಂದ. "ಮೇಡಂ, ಗುಂಡಿ ಮ್ಯಾಲೆ ನೋಡಾಕ ಗುರುಶಾಂತಣ್ಣನ ಕಡೀ ಐತಿ. ಆದರ ಕೆಳಗ ಹೋದಂಗ ನನ್ನ ಗ್ವಾಡಿ ಕಡಿ ವಾಲೇತಿ. ಅರ್ಧ ನನಗ ಬರಬೇಕು." ಮೇಡಂ ಗುಂಡಿಯನ್ನು ಅಳೆದರು. ಗುಂಡಿ ನಿಜವಾಗಿಯೂ ವಾಲಿತ್ತು, ಏಕೆಂದರೆ ಗುರುಶಾಂತನಿಗೆ ನೆಟ್ಟಗೆ ತೋಡಲು ಬರುವುದಿಲ್ಲ. ಅದನ್ನೂ ಬರೆದುಕೊಂಡರು. ಪಂಚನಾಮೆಯಾಯಿತು, 'ಪುರಾತನ ತಾಮ್ರಪಟ ಒಂದು' ಎಂದು ನಮೂದಾಯಿತು, ನಾವೆಲ್ಲ ಸಾಕ್ಷಿ ಹಾಕಿದೆವು. ಪ್ಲೇಟು ಪಂಚಾಯ್ತಿಯ ಕಪಾಟಿಗೆ ಸೇರಿತು. "ಸೋಮವಾರ ಕಚೇರಿ ತೆರೆದ ಮೇಲೆ ಮುಂದಿನ ಕ್ರಮ," ಎಂದು ಮೇಡಂ ಬೀಗ ಹಾಕಿಕೊಂಡು ತಮ್ಮ ಊರಿಗೆ ಹೋದರು.

ಇನ್ನೊಂದು ಪ್ಲೇಟು ಮಾಡೋಣವೆಂದರೆ ಗುರುಬಸಮ್ಮ ಮನೆಯಲ್ಲಿದ್ದ ತಟ್ಟೆ, ಪರಾತ, ಹಂಚು, ಮುಚ್ಚಳಗಳನ್ನೆಲ್ಲ ಟ್ರಂಕಿನಲ್ಲಿ ತುಂಬಿ ಅದರ ಮೇಲೆ ಕೂತಿದ್ದಳು. ಅಲ್ಲಿಂದ ಏಳುವ ಲಕ್ಷಣ ಕಾಣಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಸುದ್ದಿ ತೆಲಿಗಿ ಮುಟ್ಟಿತು, ಅಲ್ಲಿ ಒಂದು ಹಲಗೆ ಐದು ಹಲಗೆಯಾಯಿತು. ಹರಪನಹಳ್ಳಿಯಲ್ಲಿ ಇಳಿಯುವಾಗ ತಾಮ್ರ ಬಂಗಾರವಾಗಿತ್ತು. ಭಾನುವಾರ ಬೆಳಿಗ್ಗೆಯೇ ಸೋಮಪ್ಪನವರು ಕಾರು ಮಾಡಿಕೊಂಡು ಬಂದಿಳಿದರು. ಬಂದವರೇ ಬೀಗನಿಗೆ ಶಾಲು ಹೊದಿಸಿದರು.

"ಎಂಥಾ ಮನಿತನ! ಎಂಥಾ ಮನಿತನ! ನೀವು ಒಂದು ಮಾತು ಹೇಳಲಿಲ್ಲಲ್ಲ ಬೀಗರ!"

ಗುರುಶಾಂತ ಅವರನ್ನು ಮೂಲೆಗೆ ಕರೆದುಕೊಂಡು ಹೋಗಿ ಗಡ್ಡದ ಮನುಷ್ಯನಿಂದ ಹಿಡಿದು ಮುಚ್ಚಳದವರೆಗೆ ಎಲ್ಲ ಒಪ್ಪಿಸಿದ. ಸೋಮಪ್ಪನವರು ಕೇಳುತ್ತ ಕೇಳುತ್ತ ನಕ್ಕು ಅವನ ಬೆನ್ನು ತಟ್ಟಿದರು. "ಹಿಂಗಾ ಹೇಳಬೇಕು. ಯಾರು ಕೇಳಿದ್ರೂ ಹಿಂಗಾ ಹೇಳ್ರಿ. ಭಾಳ ಹುಷಾರದೀರಿ." ಆಮೇಲೆ ನಗು ನಿಲ್ಲಿಸಿ, "ಅದು ಅದರ ಪಾಡಿಗಿರಲಿ. ನಾಳೆ ಗದ್ದಿಗಿಗೆ ಕಾರ್ಡು? ನಿಮ್ಮ ಗುದ್ದಲಿ ಗಡಿಬಿಡಿಯಾಗ ಮರೆತಿರಬೇಕು ಅಂತ ನಾ ಆ ದಾವಣಗೆರಿ ಕಾರ್ಡನ್ನ ಜೊತಿಗೇ ತಂದೀನಿ," ಎಂದರು. ಕಾರಿನ ಡಿಕ್ಕಿಯಿಂದ ಸಣ್ಣಗೆ ಓಲಗ ಕೇಳಿಬಂತು.

ಅರ್ಚನಾ ಆ ಕಾರ್ಡನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದಳು. "ಅಪ್ಪಾ, ಇದರಾಗ ನಿನ್ನ ಹೆಸರಾ ಇಲ್ಲ," ಎಂದಳು. ಗುರುಶಾಂತ ಎದ್ದು ಮಷಿನ್ನಿನ ಮೇಲಿನ ಮೆಣಸಿನಕಾಯಿ ಚೀಲಗಳನ್ನು ಒಂದೊಂದಾಗಿ ಇಳಿಸತೊಡಗಿದ. ಇಡೀ ದಿನ ಎಣ್ಣೆ ಬಿಟ್ಟ, ಒರೆಸಿದ, ತುಳಿದು ನೋಡಿದ. ಪ್ಲೇಟಿಲ್ಲದೆ ಮಷಿನ್ನು ತುಳಿಯುತ್ತಿದ್ದ ಅವನನ್ನು ನೋಡಿ ನಮಗೇ ಸಂಕಟವಾಯಿತು. ಕಾಲುಬೇನೆ ಹೆಚ್ಚಾಗುತ್ತದೆಂದು ಮೈಲಮ್ಮ ಮತ್ತೆ ಬೇವಿನ ಸೊಪ್ಪು ತಂದಳು.

ಸೋಮವಾರ ಕಚೇರಿ ತೆರೆಯುವ ಮುಂಚೆಯೇ ಊರೆಲ್ಲ ಬಾಗಿಲಲ್ಲಿತ್ತು. ರಾತ್ರಿ ಬೀಗರ ಮನೆಯಲ್ಲೇ ಉಳಿದಿದ್ದ ಸೋಮಪ್ಪನವರು ಗಡಿಯಾರ ನೋಡುತ್ತಿದ್ದರು, ಕೊಟ್ಟೂರಿಗೆ ಹೊರಡುವ ಹೊತ್ತಾಗಿತ್ತು. ಮೇಡಂ ಬಂದು ಕಪಾಟು ತೆರೆದು ತಾಮ್ರಪಟವನ್ನು ಟವೆಲ್ಲಿನ ಮೇಲಿಟ್ಟರು. ಅಜ್ಜಯ್ಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಶಾಸನವನ್ನು ಬರಿಗಣ್ಣಿನಲ್ಲಿ ಓದುವ ಪದ್ಧತಿ ಇಲ್ಲ. ಅದರ ಮೇಲೆ ಶಾಯಿ ಹಚ್ಚಬೇಕು, ಕಾಗದ ಒತ್ತಬೇಕು, ಪಡಿಯಚ್ಚು ತೆಗೀಬೇಕು. ಪಡಿಯಚ್ಚಿಲ್ಲದೆ ನಾನು ಒಂದು ಅಕ್ಷರವನ್ನೂ ಓದೋದಿಲ್ಲ."

ಗುರುಶಾಂತ ಮಂದಿಯನ್ನು ನೂಕಿಕೊಂಡು ಮುಂದೆ ಬಂದ. "ಶಾಯಿ ನನ್ನ ಹತ್ರ ಐತಿ ಮೇಷ್ಟ್ರೇ! ಕಾಗದ ಐತಿ! ಒತ್ತಾಕ ಮಷಿನ್ನೂ ಐತಿ!"

ಮೇಡಂ ನಿಯಮ ನೆನಪು ಮಾಡಿಕೊಂಡರು. ಪಡಿಯಚ್ಚು ತೆಗೆಯಬಾರದೆಂದು ಎಲ್ಲೂ ಇರಲಿಲ್ಲ. ತಾಮ್ರಪಟ ಮೆರವಣಿಗೆಯಲ್ಲಿ ಗುರುಶಾಂತನ ಪಡಸಾಲೆಗೆ ಬಂತು. ಅವನು ಅದನ್ನು ಮರದ ತುಂಡಿಗೆ ಮೊಳೆಯಿಂದ ಬಡಿದು, ಮಷಿನ್ನಿಗೆ ಬಿಗಿದು, ಮಷಿನ್ನಿನ ತಲೆಯ ಮೇಲಿನ ತಟ್ಟೆಗೆ ಶಾಯಿ ಹಚ್ಚಿ ತುಳಿಯತೊಡಗಿದ. ಶಾಯಿಯ ರೋಲರುಗಳು ಮೇಲೆ ಕೆಳಗೆ ಓಡಾಡಿದವು. ಅದರ ಜೊತೆಗೆ ಮಷಿನ್ನಿನ ಸಂದುಗೊಂದುಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಮೆಣಸಿನಕಾಯಿ ಘಾಟೂ ಎದ್ದಿತು. ಮೊದಲು ಮೇಡಂ ಸೀನಿದರು, ಆಮೇಲೆ ಸೋಮಪ್ಪನವರು, ಆಮೇಲೆ ಇಡೀ ಊರು. ಆ ಸೀನುಗಳ ನಡುವೆ ಗುರುಶಾಂತ ಕಾಗದ ಇಟ್ಟು, ಕೈ ಹಿಂದಕ್ಕೆಳೆದುಕೊಂಡ. ಮಷಿನ್ನು ಒಮ್ಮೆ ಬಾಯಿ ಮುಚ್ಚಿ ತೆರೆಯಿತು.

ಮೇಷ್ಟ್ರು ಕಾಗದ ಕೈಗೆ ತೆಗೆದುಕೊಂಡು, ಸೀನುತ್ತಲೇ, ಶಾಸನ ಓದುವ ಗಂಭೀರ ಧ್ವನಿಯಲ್ಲಿ ಓದಿದರು.

"ಸ್ವಸ್ತಿ ಶ್ರೀ... ಹರಪನಹಳ್ಳಿಯ... ಬಟ್ಟೆ ವ್ಯಾಪಾರಿಗಳಾದ... ಸೋಮಪ್ಪನವರ ಜ್ಯೇಷ್ಠ ಪುತ್ರನಿಗೆ..." ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು. "ಪಾಳೇಗಾರರಿಗೆ ನಿಮ್ಮ ಪರಿಚಯ ಹೆಂಗಾತ್ರಿ ಸೋಮಪ್ಪನೋರೇ?"

ಸೋಮಪ್ಪನವರು ಕಾಗದ ಕಸಿದುಕೊಂಡು ನೋಡಿದರು. ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ದಪ್ಪ ಕಾಗದದಲ್ಲಿ ಒಂದೊಂದು ಅಕ್ಷರ ತಗ್ಗಾಗಿ ಬೆರಳಿಗೆ ಸಿಗುತ್ತಿತ್ತು. ನಿಧಿ ಹೋದ ದುಃಖಕ್ಕೂ ಹೆಸರು ಕೈಗೆ ಸಿಕ್ಕ ಸಂತೋಷಕ್ಕೂ ಅವರ ಮುಖದಲ್ಲಿ ಸ್ವಲ್ಪ ಹೊತ್ತು ಜಗಳವಾಯಿತು. ಹೆಸರು ಗೆದ್ದಿತು.

"ಸಿಗತೈತಿ!" ಎಂದು ಕೂಗಿದರು. "ಬೀಗರ, ನನ್ನ ಹೆಸರು ಕೈಗೆ ಸಿಗತೈತಿ! ಕುರುಡನೂ ಓದ್ತಾನ! ಹೊಡೀರಿ, ಇನ್ನಷ್ಟು ಹೊಡೀರಿ!"

ಮೇಡಂ ಮಾತ್ರ ಇಕ್ಕಟ್ಟಿನಲ್ಲಿ ಸಿಕ್ಕಿದ್ದರು. ಪಂಚನಾಮೆಯಲ್ಲಿ ಬರೆದಾಗಿದೆ, ಅಳಿಸುವಂತಿಲ್ಲ. ಕೊನೆಗೆ ತೀರ್ಪು ಕೊಟ್ಟರು. "ಮೂಲವನ್ನು ಹಿಂತಿರುಗಿಸಲು ಅವಕಾಶವಿಲ್ಲ. ನಕಲುಗಳನ್ನು ಬೇಕಾದಷ್ಟು ಪಡೆಯಬಹುದು, ಆದರೆ ಪ್ರತಿಯೊಂದಕ್ಕೂ ದೃಢೀಕರಣವಾಗತಕ್ಕದ್ದು." ಹೀಗೆ ಗುರುಶಾಂತ ತುಳಿದಂತೆಲ್ಲ ಮೇಡಂ ಪಕ್ಕದಲ್ಲಿ ಕೂತು, ಬಸವಣ್ಣನ ಮಗ್ಗುಲಲ್ಲಿ ಪಂಚಾಯ್ತಿಯ ದುಂಡು ಮೊಹರು ಒತ್ತಿ 'ಯಥಾಪ್ರತಿ' ಎಂದು ಸಹಿ ಹಾಕಿದರು. ಸರ್ಕಾರಿ ಮೊಹರಿನ ಲಗ್ನಪತ್ರಿಕೆ ಕಂಡು ಸೋಮಪ್ಪನವರಿಗೆ ನೆಲವೇ ಕಾಣಲಿಲ್ಲ. ಮದುವೆ ಕಾರ್ಡಿಗೆ ಸಹಿ ಹಾಕುತ್ತ ಮೇಡಂ ಕೂಡ ಒಮ್ಮೆ ನಕ್ಕದ್ದನ್ನು ನಾವು ಕಂಡೆವು.

ಅಷ್ಟರಲ್ಲಿ ಗುರುಬಸಮ್ಮ ಟ್ರಂಕಿನಿಂದ ಎದ್ದು ಬಂದು ಒಂದು ಕಾರ್ಡು ಎತ್ತಿಕೊಂಡಳು. ಮೇಲಿಂದ ಕೆಳಗೆ ನೋಡಿದಳು. "ಏನ್ರೀ, ವಧುವಿನ ತಂದೆ ಅಂತ ಐತಿ. ಮುಂದ ಏನೂ ಇಲ್ಲಲ್ಲ?"

ಗುರುಶಾಂತ ಕಾಲು ನಿಲ್ಲಿಸಿದ. ಕಾರ್ಡು ನೋಡಿದ. ಸೋಮಪ್ಪನವರು, ಅವರ ಅಣ್ಣತಮ್ಮಂದಿರು, ಹೂವಿನಹಡಗಲಿಯ ಅತ್ತೆ, ಕೂಡ್ಲಿಗಿಯ ಮಾವ, ಎಲ್ಲರೂ ಗಟ್ಟಿಯಾಗಿ ನಿಂತಿದ್ದರು. ಅವನ ಹೆಸರಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಆ ಮೂಲೆಯಲ್ಲಿ ಇಸ್ತ್ರಿ ಸರಿಯಾಗಿ ಕೂತಿರಲಿಲ್ಲ, ಮೈಲುತುತ್ತು ಅವನನ್ನು ಒಂದಕ್ಷರ ಬಿಡದೆ ತಿಂದಿತ್ತು, ತಿರುವುಮುರುವು ಅಕ್ಷರಗಳ ನಡುವೆ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟೆಲ್ಲ ಮಾಡಿದ್ದು ಆ ಒಂದು ಹೆಸರಿಗಾಗಿ. ಗುರುಶಾಂತ ಮೆಣಸಿನಕಾಯಿ ಘಾಟೆಂದು ಹೇಳಿ ಕಣ್ಣು ಒರೆಸಿಕೊಂಡ. ನಮಗೆ ಯಾರಿಗೂ ನಗು ಬರಲಿಲ್ಲ.

ಅರ್ಚನಾ ಮೇಡಂ ಕೈಯಲ್ಲಿದ್ದ ಪೆನ್ನು ಕೇಳಿ ತೆಗೆದುಕೊಂಡಳು. ನೆಲದ ಮೇಲೆ ಕೂತು, ಮೊದಲ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಆ ಬಿಳಿ ಜಾಗದಲ್ಲಿ ಅಪ್ಪನ ಹೆಸರನ್ನು ದುಂಡಗೆ ಬರೆದಳು. "ಇದನ್ನ ಗದ್ದಿಗಿ ಮುಂದ ಇಡ್ರಿ ಮಾವಾರ," ಎಂದು ಸೋಮಪ್ಪನವರ ಕೈಗಿಟ್ಟಳು. "ಉಳಿದವನ್ನೂ ನಾನಾ ಬರೀತೀನಪ್ಪಾ. ಎಷ್ಟಿದ್ರೂ ಬರೀತೀನಿ."

ಸೋಮಪ್ಪನವರು ಕಾರಿನತ್ತ ನಡೆದರು. ಬಾಗಿಲು ತೆರೆದವರು ಒಳಗೆ ಕೂರಲಿಲ್ಲ. ಕಾರ್ಡನ್ನು ಬಿಸಿಲಿಗೆ ಹಿಡಿದು ತಮ್ಮ ಹೆಸರು ನೋಡಿದರು, ಗುರುಶಾಂತನ ಹೆಸರು ನೋಡಿದರು, ಮತ್ತೆ ತಮ್ಮದು ನೋಡಿದರು. ಮುಖ ಸಣ್ಣದಾಯಿತು. ಹಿಂತಿರುಗಿ ಪಡಸಾಲೆಗೆ ಬಂದರು.

"ಇದು ನ್ಯಾಯ ಅಲ್ಲ ಬೀಗರ," ಎಂದರು. "ಇಷ್ಟು ಮಂದಿಯೊಳಗ ನಿಮ್ಮದೊಂದಾ ಹೆಸರು ಮಗಳ ಕೈಯಾಗ ಬರಸ್ಕೊಂಡೈತಿ. ನಂದು ಬರೇ ಅಚ್ಚು. ನಾಳೆ ಮದಿವ್ಯಾಗ ಮಂದಿ ನನ್ನ ಕೇಳಿದ್ರ ನಾ ಏನು ಹೇಳಲಿ?"

"ಈಗ ಏನು ಮಾಡೂನ್ರಿ?" ಎಂದ ಗುರುಶಾಂತ, ಮತ್ತೆ ಹೆದರಿ.

ಸೋಮಪ್ಪನವರು ಇನ್ನೂ ಹತ್ತಿರ ಬಂದು, ಮೇಡಂಗೆ ಕೇಳದಂತೆ ಧ್ವನಿ ತಗ್ಗಿಸಿದರು.

"ಆ ಮೈಲುತುತ್ತು ನನ್ನ ಹೆಸರಿಗೂ ಒಂದೀಟು ಉಳದೈತೇನ್ರಿ?"